ಚೊಚ್ಚಲು ಬಸುರಿ ತವರಿಗೆ ಬಂದಾಗ

ಮಗಳನ್ನು ಕೊಟ್ಟ ಮನೆ ಎಷ್ಟೇ ಅನುಕೂಲವಾಗಿರಲಿ, ಬೀಗರು ಎಷ್ಟೇ ಸಜ್ಜನರಾಗಿರಲಿ, ಚೊಚ್ಚಲು ಬಾಣಂತನ ತವರಿನದು ಎಂಬ ಮಾತಿಗೆ ಕನ್ನಡನಾಡಿನಲ್ಲಿ ಎದುರಾಡುವವರು ವಿರಳ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ ಇದು; ಆದರೂ ಬರೆದಿಟ್ಟ ಕಟ್ಟಳೆಗಳಿಗಿಂತ ಗಟ್ಟಿಯಾಗಿ ಉಳಿದುಬಂದಿದೆ. ಐದನೆಯದೋ ಏಳನೆಯದೋ ತಿಂಗಳಲ್ಲಿ ಹೂ ಮುಡಿಸಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಮಗಳನ್ನು ಕರೆತರುವ ದಿನ ತವರಿನ ಹೊಸ್ತಿಲಿಗೆ ಒಂದು ಬಗೆಯ ಕಳೆಯೇರುತ್ತದೆ. ಮದುವೆಯಾಗಿ ಹೋದವಳು ಅತಿಥಿಯಂತೆ ಬಂದು ಹೋಗುತ್ತಿದ್ದ ಮನೆಗೆ ಮತ್ತೆ ಮಗಳಾಗಿಯೇ ಬರುವ ಕಾಲವದು.

ಹಳೇಬೀಡಿನಂಥ ಊರಿನಲ್ಲಿ ಈ ಕಳೆಗೆ ಒಂದು ಬಗೆಯ ವಿಚಿತ್ರ ಹಿನ್ನೆಲೆಯೂ ಉಂಟು. ಲೋಕವೆಲ್ಲ ಈ ಊರನ್ನು ಅರಿತಿರುವುದು ಹೊಯ್ಸಳೇಶ್ವರನ ಗುಡಿಯಿಂದ. 2023ರಲ್ಲಿ ಬೇಲೂರು, ಸೋಮನಾಥಪುರಗಳ ಗುಡಿಗಳೊಡನೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಪ್ರವಾಸಿಗರ ಬಸ್ಸುಗಳಿಗೆ ಬಿಡುವಿಲ್ಲ. ಆದರೆ ದೋರಸಮುದ್ರದ ಕೆರೆಯ ಆಸುಪಾಸಿನ ಮನೆಗಳಲ್ಲಿ ಬಾಳುವವರಿಗೆ ಆ ಗುಡಿ ಸಂತೆಗೆ ಹೋಗುವ ದಾರಿಯಲ್ಲಿ ಕಾಣುವ ಒಂದು ಕಟ್ಟಡ, ಅಷ್ಟೆ. ಅವರ ಚಿಂತೆ ರಾಗಿ, ಜೋಳ, ತೆಂಗು, ಹಸುವಿನ ಹಾಲು, ಮಕ್ಕಳ ಪರೀಕ್ಷೆ. ಮಗಳು ಬಸುರಿಯಾಗಿ ಮನೆಯಲ್ಲಿದ್ದರೆ ಅವಳ ಊಟ ಮತ್ತು ನಿದ್ರೆ.

ಇಲ್ಲಿ ಬಣ್ಣಿಸುವ ಮನೆ ಗುರುತು ಹಿಡಿದು ತೋರಿಸಬಹುದಾದ ಯಾವೊಂದು ಮನೆಯೂ ಅಲ್ಲ. ಇಂಥ ಊರುಗಳ ಅನೇಕ ಮನೆಗಳನ್ನು ಕೂಡಿಸಿ ಬರೆದ ಚಿತ್ರ. ಆ ಮನೆಯಲ್ಲಿ ತಂದೆ, ತಾಯಿ, ತಾಯಿಯ ಅತ್ತೆಯಾದ ಅಜ್ಜಿ, ಕಾಲೇಜಿಗೆ ಹೋಗುವ ಕಿರಿಯ ಮಗ ಇದ್ದಾರೆಂದುಕೊಳ್ಳಿ. ಮಗಳಿಗೆ ಏಳು ತುಂಬಿದೆ. ಬಂದ ಹದಿನೈದು ದಿನ ಎಲ್ಲವೂ ಸೊಗಸಾಗಿತ್ತು. ಬಯಕೆಯೆಂದು ಹುಣಿಸೆಯ ಚಿಗುರು ತಂದದ್ದಾಯಿತು, ನೆರೆಮನೆಯವರು ಸಿಹಿಯೂಟ ತಂದುಕೊಟ್ಟದ್ದಾಯಿತು. ಆಮೇಲೆ ಆಶಾ ಕಾರ್ಯಕರ್ತೆಯ ಒತ್ತಾಯಕ್ಕೆ ತಪಾಸಣೆಗೆಂದು ಹೋದಾಗ ದಾದಿ ರಕ್ತದೊತ್ತಡದ ಪಟ್ಟಿಯನ್ನು ಒಮ್ಮೆ ಬಿಗಿದು ನೋಡಿದಳು. ಸ್ವಲ್ಪ ಹೊತ್ತು ಕೂರಿಸಿ ಮತ್ತೊಮ್ಮೆ ನೋಡಿದಳು. ತಾಯಿ ಕಾರ್ಡಿನಲ್ಲಿ ಎರಡು ಅಂಕಿಗಳನ್ನು ಬರೆದು ಅವುಗಳ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದಳು.

ಆ ಕೆಂಪು ಗೆರೆಯಿಂದ ಮನೆಯ ದಿನಚರಿಯೇ ಬದಲಾಗುತ್ತದೆ.

ಬಸುರಿನ ಇಪ್ಪತ್ತು ವಾರಗಳ ಅನಂತರ ರಕ್ತದೊತ್ತಡ 140/90ರ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಏರಿ, ಜೊತೆಗೆ ಮೂತ್ರದಲ್ಲಿ ಸಸಾರಜನಕದ ಅಂಶ ಕಾಣಿಸಿಕೊಂಡರೆ ಅದನ್ನು ವೈದ್ಯರು ಲಘುವಾಗಿ ಎಣಿಸುವುದಿಲ್ಲ. ಹಿಂದಿನ ವೈದ್ಯಗ್ರಂಥಗಳು ಇದನ್ನು ಗರ್ಭನಂಜು ಎಂದು ಕರೆದವು. ಯಾವುದೋ ವಿಷ ರಕ್ತಕ್ಕೆ ಸೇರುತ್ತದೆಂಬ ಆಗಿನ ಊಹೆಯಿಂದ ಹುಟ್ಟಿದ ಹೆಸರದು. ಅಂಥ ವಿಷವನ್ನು ಯಾರೂ ಕಂಡುಹಿಡಿಯಲಿಲ್ಲ. ಮಾಸು ಗರ್ಭಕೋಶದಲ್ಲಿ ಸರಿಯಾಗಿ ಬೇರೂರದೆ, ಅದಕ್ಕೆ ಹರಿಯಬೇಕಾದ ರಕ್ತ ಕಡಿಮೆಯಾಗಿ, ಅದರ ಪರಿಣಾಮ ತಾಯಿಯ ಮೈಯ ರಕ್ತನಾಳಗಳನ್ನೆಲ್ಲ ಮುಟ್ಟುತ್ತದೆಂಬುದು ಈಗಿನ ತಿಳಿವಳಿಕೆ. ವಿಪರೀತಕ್ಕೆ ಹೋದರೆ ಸೆಳವು ಬರುತ್ತದೆ; ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು. ಇದಕ್ಕೆ ನಿಜವಾದ ಮದ್ದು ಒಂದೇ, ಹೆರಿಗೆ. ಆದರೆ ಏಳನೆಯ ತಿಂಗಳಲ್ಲಿ ಹೆರಿಗೆಯೆಂದರೆ ಮಗುವಿಗೆ ಕಷ್ಟ. ಹೀಗಾಗಿ ತಾಯಿಯ ಸುರಕ್ಷೆ ಒಂದು ತಟ್ಟೆಯಲ್ಲಿ, ಮಗು ಇನ್ನಷ್ಟು ಬಲಿಯಬೇಕೆಂಬ ಆಸೆ ಇನ್ನೊಂದು ತಟ್ಟೆಯಲ್ಲಿ; ವೈದ್ಯರು ವಾರವಾರವೂ, ಕೆಲವೊಮ್ಮೆ ದಿನದಿನವೂ, ಈ ತಕ್ಕಡಿ ಹಿಡಿದು ನಿಲ್ಲಬೇಕಾಗುತ್ತದೆ.

ಆ ತಕ್ಕಡಿಯ ಕೆಳಗೆ ಕುಳಿತ ಮನೆಯವರ ಪಾಡು ಹೇಳತೀರದು. ಮಾಡಬೇಕಾದುದು ಬಹಳವಿದ್ದರೆ ಮನುಷ್ಯ ಹೇಗೋ ತಾಳಿಕೊಳ್ಳುತ್ತಾನೆ. ಇಲ್ಲಿ ಮಾಡಬೇಕಾದುದು ಸ್ವಲ್ಪ, ಕಾಯಬೇಕಾದುದೇ ಬಹಳ. ತಾಯಿ ಬೆಳಗ್ಗೆ ಎದ್ದೊಡನೆ ಮಗಳ ಮುಖ ನೋಡುತ್ತಾಳೆ: ಊದಿದೆಯೆ? ಬೆರಳಿನ ಉಂಗುರ ಬಿಗಿಯಾಗಿದೆಯೆ? ತಂದೆ ಏನನ್ನೂ ಕೇಳುವುದಿಲ್ಲ. ಗಂಡಸಾದವನು ಬಸುರಿ ಮಗಳ ವಿಷಯದಲ್ಲಿ ಬಾಯಿ ಹಾಕಬಾರದೆಂಬ ಸಂಕೋಚ ಅವನಿಗೆ. ಆದರೆ ಹಾಲು ಕರೆದು ಒಳಗೆ ಬರುವಾಗ ಅವನ ಕಣ್ಣು ಮೊದಲು ಹೋಗುವುದು ನಡುಮನೆಯ ಮಂಚದ ಕಡೆಗೇ. ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಮಧ್ಯಾಹ್ನ ಮನೆಗೆ ಬರುವುದಕ್ಕೆ ಅವನು ದಿನಕ್ಕೊಂದು ನೆಪ ಹುಡುಕುತ್ತಾನೆ. ಗುದ್ದಲಿ ಮರೆತೆ ಎಂದು ಒಂದು ದಿನ, ನೀರಡಿಕೆ ಎಂದು ಇನ್ನೊಂದು ದಿನ.

ಇನ್ನು ಅಡಿಗೆಮನೆ. ಅಜ್ಜಿ ಹೆತ್ತವಳು, ಹೆರಿಗೆಗಳನ್ನು ಕಂಡವಳು. ಅವಳ ಮಾತಿಗೆ ಬೆಲೆಯಿದೆ. ಅವಳಂದದ್ದೆಲ್ಲ ತಪ್ಪೂ ಅಲ್ಲ. ರಾಗಿಮುದ್ದೆ, ಸೊಪ್ಪಿನ ಬಸ್ಸಾರು ಬಸುರಿಗೆ ಒಳ್ಳೆಯದೆಂಬ ಅವಳ ಹಟವನ್ನು ಆಹಾರಶಾಸ್ತ್ರವೂ ಒಪ್ಪುತ್ತದೆ; 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಅಷ್ಟೇ ಅಕ್ಕಿಯಲ್ಲಿರುವುದು ಅದರ ಹತ್ತರಲ್ಲೊಂದು ಪಾಲೂ ಅಲ್ಲ. ಆದರೆ ಕೂಸು ದಪ್ಪವಾದರೆ ಹೆರಿಗೆ ಕಷ್ಟವೆಂದು ಎಂಟನೆಯ ತಿಂಗಳಿಂದ ಊಟ ತಗ್ಗಿಸುವ ಅವಳ ಕಾಲದ ಪದ್ಧತಿ ಮಾತ್ರ ಅಪಾಯದ್ದು. ಕಾಲು ಊದಿತೆಂದು ಉಪ್ಪನ್ನು ಪೂರ್ತಿ ಬಿಡಿಸುವುದೂ ಹಾಗೆಯೇ. ಒಂದು ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು, ಈಗ ಹೇಳುವುದಿಲ್ಲ. ಉಪ್ಪು ಬಿಡಿಸಿದರೆ ಗರ್ಭನಂಜು ತಪ್ಪುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಮಗಳು ಸಪ್ಪೆಯ ಸಾರನ್ನು ಮುಂದಿಟ್ಟುಕೊಂಡು ಕಣ್ಣೀರು ಹಾಕಿದರೆ ಅದು ನಿಷ್ಕಾರಣದ ಕಣ್ಣೀರು.

ಕಬ್ಬಿಣದ ಮಾತ್ರೆಯ ಕಥೆ ಇನ್ನೂ ಸ್ವಾರಸ್ಯದ್ದು. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆ ನುಂಗಬೇಕೆಂದು ಸರ್ಕಾರ ಉಚಿತವಾಗಿ ಕೊಡುತ್ತದೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ. ಮಗುವೂ ಕಪ್ಪಾದೀತೆಂಬ ಭಯ ಬೇರೆ. ಹೀಗಾಗಿ ಎಷ್ಟೋ ಮಾತ್ರೆಗಳು ಹಿತ್ತಿಲಿನ ಬಾಳೆಯ ಬುಡ ಸೇರುತ್ತವೆ. ನುಂಗುವವರೂ ಹಾಸನದ ಸೀಮೆಯವರಲ್ಲವೆ, ಕಾಫಿಯ ಲೋಟದೊಡನೆಯೇ ನುಂಗುತ್ತಾರೆ! ಕಾಫಿ, ಚಹಾಗಳೊಡನೆ ಸೇರಿದರೆ ಕಬ್ಬಿಣ ಮೈಗೆ ಹತ್ತುವುದು ಬಹಳ ಕಡಿಮೆ. ನಿಂಬೆಯ ಹುಳಿಯೊಡನೆಯಾದರೆ ಹೆಚ್ಚು. ಇಷ್ಟು ಸಣ್ಣ ವಿಷಯವನ್ನು ಯಾರಾದರೂ ಕುಳಿತು ತಿಳಿಯಹೇಳಿದರೆ ಬಾಳೆಯ ಬುಡಕ್ಕೆ ನಷ್ಟ, ಬಸುರಿಗೆ ಲಾಭ.

ಆದರೆ ಗರ್ಭನಂಜಿನ ಮನೆಯಲ್ಲಿ ನಿಜವಾದ ಪರೀಕ್ಷೆ ನಡೆಯುವುದು ಅಡಿಗೆಮನೆಯಲ್ಲಲ್ಲ. ಅದು ಬರುವುದು ಬಹುಮಟ್ಟಿಗೆ ರಾತ್ರಿಯ ಹೊತ್ತು, ಒಂದು ಸಾಮಾನ್ಯ ಮಾತಿನ ರೂಪದಲ್ಲಿ. "ಅಮ್ಮಾ, ತಲೆ ಸಿಡೀತಿದೆ" ಎನ್ನುತ್ತಾಳೆ ಮಗಳು. "ಉಷ್ಣ ಕಣವ್ವ, ಒಂದಿಷ್ಟು ಮಜ್ಜಿಗೆ ಕುಡಿದು ಮಲಕ್ಕೊ" ಎನ್ನುತ್ತಾಳೆ ಅಜ್ಜಿ. ಪ್ರೀತಿಯಿಂದ ಹೇಳಿದ ಮಾತೇ. ನೂರು ಸಲದಲ್ಲಿ ತೊಂಬತ್ತು ಸಲ ಸರಿಯೂ ಇರಬಹುದು. ರಕ್ತದೊತ್ತಡ ಏರಿರುವ ಬಸುರಿಯ ವಿಷಯದಲ್ಲಿ ಮಾತ್ರ ಆ ಮಾತು ನಡೆಯದು. ಬಿಡದ ತಲೆನೋವು, ಕಣ್ಣಿಗೆ ಮಂಜು ಕವಿದಂತಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಮುಖ ಕೈಗಳು ಒಮ್ಮೆಲೇ ಊದಿಕೊಳ್ಳುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವುದನ್ನು ಕಾಯುವಂತಿಲ್ಲ.

ತಾಯಂದಿರ ಸಾವಿನ ಕಾರಣಗಳನ್ನು ಹುಡುಕಿದ ಥ್ಯಾಡ್ಯೂಸ್ ಮತ್ತು ಮೇನ್ ಎಂಬ ಇಬ್ಬರು ವಿದುಷಿಯರು 1994ರಲ್ಲಿ ಮೂರು ವಿಳಂಬಗಳ ಮಾತನ್ನು ಹೇಳಿದರು. ಆಸ್ಪತ್ರೆಗೆ ಹೋಗಬೇಕೆಂದು ನಿಶ್ಚಯಿಸುವುದರಲ್ಲಿ ಆಗುವ ವಿಳಂಬ ಮೊದಲನೆಯದು. ಅಲ್ಲಿಗೆ ತಲಪುವುದರಲ್ಲಿ ಆಗುವುದು ಎರಡನೆಯದು. ತಲಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವುದರಲ್ಲಿ ಆಗುವುದು ಮೂರನೆಯದು. ಎರಡನೆಯದು ಮೂರನೆಯದು ಸರ್ಕಾರದ ಹೊಣೆ. ಮೊದಲನೆಯದು ಮಾತ್ರ ಮನೆಯ ಹಜಾರದಲ್ಲಿಯೇ ಹುಟ್ಟುತ್ತದೆ. ಅಳಿಯನಿಗೆ ಹೇಳಿ ಕಳುಹಿಸಬೇಕೆ? ಬೀಗರನ್ನು ಕೇಳದೆ ಕರೆದೊಯ್ದರೆ ಏನೆಂದಾರು? ಈ ಹೊತ್ತಿನಲ್ಲಿ ಕಾರಿಗೆ ಎಷ್ಟು ಕೇಳುತ್ತಾರೋ? ಅಮಾವಾಸ್ಯೆ ಕಳೆಯಲಿ ಎಂದು ಒಬ್ಬರು, ಇನ್ನೊಂದು ಗಳಿಗೆ ನೋಡೋಣವೆಂದು ಮತ್ತೊಬ್ಬರು. ಮಗಳ ಮೇಲೆ ಪ್ರೀತಿಯಿಲ್ಲದವರು ಆ ಹಜಾರದಲ್ಲಿ ಒಬ್ಬರೂ ಇಲ್ಲ. ಆದರೂ ಗಡಿಯಾರದ ಮುಳ್ಳು ಸರಿಯುತ್ತಲೇ ಇರುತ್ತದೆ.

ಹಳೇಬೀಡಿನಿಂದ ತಾಲ್ಲೂಕು ಆಸ್ಪತ್ರೆಯಿರುವ ಬೇಲೂರಿಗೆ ಸುಮಾರು 16 ಕಿಲೋಮೀಟರು, ಹಾಸನಕ್ಕೆ ಸುಮಾರು 30. ಹಗಲಿನಲ್ಲಿ ಇದೇನು ದೊಡ್ಡ ದೂರವಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಇದೇ ದಾರಿ ಒಂದು ಇಡೀ ರಾತ್ರಿಯ ಪಯಣವಾಗಿತ್ತೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆಗ ಊರಿನವರಿಗಿದ್ದ ಆಸರೆ ಸೂಲಗಿತ್ತಿಯೊಬ್ಬಳೇ. ಅವಳನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಕಾಸು ಮುಟ್ಟದೆ 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಪಳಗಿದ ಕೈಗಳಿಗೂ ಅಸಾಧ್ಯವಾದುದೊಂದಿತ್ತು: ರಕ್ತದೊತ್ತಡ ಕೈಗೆ ತಿಳಿಯುವಂಥದಲ್ಲ. ಸೆಳವನ್ನು ತಡೆಯುವ ಮೆಗ್ನೀಷಿಯಂ ಸಲ್ಫೇಟಿನ ಚುಚ್ಚುಮದ್ದೂ ಅವರ ಬಳಿ ಇರಲಿಲ್ಲ. ಈ ಅಗ್ಗದ ಲವಣ ಸೆಳವಿನ ಭಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 33 ದೇಶಗಳ 10,000ಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದ ಪರೀಕ್ಷೆ 2002ರಲ್ಲಿ ತೋರಿಸಿಕೊಟ್ಟಿತು.

ಈಗ 108ಕ್ಕೆ ದೂರವಾಣಿ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕರ್ನಾಟಕದಲ್ಲಿ ಆ ಏರ್ಪಾಡು ಆರಂಭವಾದುದು 2008ರಲ್ಲಿ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರೇ ನೋಡುವ ಕ್ರಮ 2016ರಿಂದ ಬಂದಿದೆ. ಹಾಸನದ ಜಿಲ್ಲಾ ಆಸ್ಪತ್ರೆಗೆ 2006ರಲ್ಲಿ ವೈದ್ಯಕೀಯ ಕಾಲೇಜು ಸೇರಿಕೊಂಡ ಮೇಲೆ ಕಠಿಣ ಪ್ರಸಂಗಗಳಿಗೆಲ್ಲ ಬೆಂಗಳೂರಿಗೋ ಮೈಸೂರಿಗೋ ಓಡಬೇಕಾದ ಅಗತ್ಯ ತಗ್ಗಿತು. ಇಂಥವುಗಳೆಲ್ಲದರ ಒಟ್ಟು ಫಲ ಅಂಕಿಗಳಲ್ಲಿ ಕಾಣುತ್ತದೆ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಏರ್ಪಾಡುಗಳಲ್ಲಿ ಎಡವಟ್ಟುಗಳೂ ಇಲ್ಲದಿಲ್ಲ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ದಿನವೂ ಅಂಗನವಾಡಿಗೆ ಬಂದು ಅಲ್ಲಿಯೇ ಕುಳಿತು ಬಿಸಿಯೂಟ ಉಣ್ಣಬೇಕೆಂದಿತ್ತು. ಉದ್ದೇಶ ಒಳ್ಳೆಯದೇ, ಆದರೆ ಆಯಾಸಪಡಬೇಡವೆಂದು ವೈದ್ಯರಿಂದ ಹೇಳಿಸಿಕೊಂಡವಳು ಬಿಸಿಲಲ್ಲಿ ಅಷ್ಟು ದೂರ ನಡೆದು ಹೋಗುವುದು ಹೇಗೆ?

ಹೆತ್ತ ಕರುಳಿನ ಸಂಕಟ ಈ ಸೀಮೆಗೆ ಹೊಸದಲ್ಲ. ದೋರಸಮುದ್ರದಿಂದ ಆಳಿದ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ ಮಗಳ ಬಳಿಕ ತಾನು ಉಳಿಯಲಾರೆನೆಂದು ಶ್ರವಣಬೆಳಗೊಳಕ್ಕೆ ಹೋಗಿ ಅನ್ನ ತೊರೆದು ಪ್ರಾಣ ಬಿಟ್ಟಳೆಂದು ಅಲ್ಲಿಯ ಶಾಸನ ಹೇಳುತ್ತದೆ. ರಾಣಿಯ ತಾಯಿಯಾದುದರಿಂದ ಆಕೆಯ ದುಃಖ ಕಲ್ಲಿನ ಮೇಲೆ ಉಳಿಯಿತು. ಉಳಿದ ತಾಯಂದಿರದು ಅಡಿಗೆಮನೆಯ ಹೊಗೆಯಲ್ಲಿ ಕರಗಿಹೋಯಿತು.

ಮತ್ತೆ ಆ ಮನೆಗೆ ಬರೋಣ. ಬುದ್ಧಿವಂತರಾದ ಮನೆಯವರು ಮಾಡುವ ಕೆಲಸವೊಂದಿದೆ: ರಾತ್ರಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಹಗಲಿನಲ್ಲಿಯೇ ಕೇಳಿ ಮುಗಿಸಿಡುವುದು. ಯಾವ ಆಸ್ಪತ್ರೆ, ಯಾರ ವಾಹನ, ಜೊತೆಗೆ ಯಾರು, ಬೇಕಾದರೆ ರಕ್ತ ಕೊಡುವವರು ಯಾರು, ಡಬ್ಬಿಯಲ್ಲಿ ಹಣವೆಷ್ಟು ಎಂಬುದೆಲ್ಲ ಮೊದಲೇ ನಿಶ್ಚಯವಾಗಿರಬೇಕು. ಬೀಗರೊಡನೆಯೂ ಬಿಚ್ಚಿ ಮಾತಾಡಿರಬೇಕು. "ತೊಂದರೆ ಅನ್ನಿಸಿದ ತಕ್ಷಣ ಕರಕೊಂಡು ಹೋಗ್ತೀವಿ, ಆಮೇಲೆ ಫೋನ್ ಮಾಡ್ತೀವಿ, ಬೇಜಾರು ಮಾಡ್ಕೋಬೇಡಿ ಬೀಗರೆ" ಎಂದು ತಂದೆ ಒಂದು ಮಾತು ಹೇಳಿಟ್ಟರೆ ಅರ್ಧ ಭಾರ ಇಳಿದಂತೆ. ಕಿರಿಯ ಮಗನಿಗೂ ಒಂದು ಕೆಲಸ ದೊರೆಯುತ್ತದೆ. ಮನೆಗೆ ತಂದ ಯಂತ್ರದಲ್ಲಿ ಅಕ್ಕನ ರಕ್ತದೊತ್ತಡವನ್ನು ಬೆಳಗ್ಗೆ ಸಂಜೆ ನೋಡಿ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಲೆಕ್ಕಪರೀಕ್ಷೆಯಲ್ಲಿ ತೋರಿಸದ ಶ್ರದ್ಧೆಯನ್ನು ಅವನು ಇಲ್ಲಿ ತೋರಿಸುತ್ತಾನೆ.

ಮಗಳ ಮನಸ್ಸಿನ ವಿಚಾರ ಮಾತ್ರ ಎಲ್ಲರಿಗೂ ಕೊನೆಯಲ್ಲಿ ನೆನಪಾಗುತ್ತದೆ. ಮಂಚ ಬಿಟ್ಟು ಇಳಿಯಬೇಡವೆಂದು ದಿನವಿಡೀ ಮಲಗಿಸುವುದರಿಂದ ಗರ್ಭನಂಜು ವಾಸಿಯಾಗುವುದಿಲ್ಲ. ಅಲುಗದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ವೈದ್ಯರು ಬೇಡವೆನ್ನದಿದ್ದರೆ ಅವಳು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಲಿ, ಅವರೆಕಾಯಿ ಸುಲಿಯಲಿ, ನೆರೆಯ ಗೆಳತಿಯೊಡನೆ ಹರಟಲಿ. ತನ್ನಿಂದ ಮನೆಯವರಿಗೆಲ್ಲ ಕಷ್ಟವಾಯಿತೆಂಬ ಕೊರಗು ಅವಳನ್ನು ಒಳಗೊಳಗೇ ತಿನ್ನುತ್ತಿರುತ್ತದೆ. ಡಾ. ಅನುಪಮಾ ನಿರಂಜನರು 'ತಾಯಿ ಮಗು' ಪುಸ್ತಕವನ್ನು ಕನ್ನಡದಲ್ಲಿ ಬರೆದುದರಿಂದ ಎಷ್ಟೋ ಹೆಣ್ಣುಮಕ್ಕಳು ಯಾರನ್ನೂ ಕೇಳಲಾರದ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರು. ಅಂಥದೊಂದು ಪುಸ್ತಕ ಮಂಚದ ಪಕ್ಕದಲ್ಲಿದ್ದರೂ ಒಳ್ಳೆಯದೇ.

ಹೆರಿಗೆಯಾಯಿತು, ಮಗು ಅತ್ತಿತು, ಊರಿಗೆಲ್ಲ ಸಕ್ಕರೆ ಹಂಚಿದ್ದಾಯಿತು. ಇಲ್ಲಿಗೆ ಮುಗಿಯಿತೆಂದು ಮನೆಯವರು ನಿಟ್ಟುಸಿರು ಬಿಡುವುದು ಸಹಜ. ಆದರೆ ಏರಿದ ಒತ್ತಡ ಹೆರಿಗೆಯೊಡನೆಯೇ ಇಳಿಯಬೇಕೆಂಬ ನಿಯಮವಿಲ್ಲ. ಸೆಳವು ಹೆರಿಗೆಯ ಅನಂತರದ ದಿನಗಳಲ್ಲಿಯೂ ಬರಬಹುದು. ಬಾಣಂತಿಗೆ ಬೆಳ್ಳುಳ್ಳಿ, ಮೆಣಸಿನ ಸಾರು, ಕೊಬ್ಬರಿ ಬೆಲ್ಲದ ಅಂಟಿನುಂಡೆ ಎಲ್ಲ ಆಗಲಿ. ಆದರೆ ಹಸಿ ಮೈಯೆಂದು ನೀರು ಕೊಡದೆ ಕೂರಿಸುವುದು ಬೇಡ, ಹಾಲೂಡಿಸುವವಳಿಗೆ ನೀರು ಬೇಕು. ಬಿಸಿನೀರ ಹಂಡೆಯ ಮುಂದೆ ಕೂರಿಸಿ ಎರೆಯುವ ಸಂಭ್ರಮದ ನಡುವೆ ತಮ್ಮನ ಆ ನೋಟ್‌ಬುಕ್ಕು ಇನ್ನೂ ಆರು ವಾರ ಗೂಡಿನಲ್ಲಿಯೇ ಇರಲಿ, ಬೆಳಗಿನ ಅಂಕಿ ಸಂಜೆಯ ಅಂಕಿ ತಪ್ಪದೆ ಬೀಳುತ್ತಿರಲಿ.