ಫ್ಯೂಸಿಗೆ ಗೊತ್ತಾಗದ ಬಿಸಿ

"ರೇಡಿಯೇಟರ್ ಫ್ಯಾನಿನ ರಿಲೇ ಮುಟ್ಟಿದರೆ ಕೈ ಸುಡುತ್ತದೆ. ಹೊಸದು ಹಾಕಿಸಿದರೂ ಅದೇ ಪಾಡು. ಫ್ಯೂಸ್ ಮಾತ್ರ ಹೋಗಿಲ್ಲ, ಯಾಕೆ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಎಷ್ಟು ಒಳ್ಳೆಯ ಪ್ರಶ್ನೆ!

ರಿಲೇ ಎಂದರೆ ವಿದ್ಯುತ್ಕಾಂತ ಎಳೆದು ಕೂಡಿಸುವ ಸ್ವಿಚ್ಚು. ಅದರ ಸುರುಳಿಯೇ ಒಂದೆರಡು ವ್ಯಾಟ್ ತಿನ್ನುವುದರಿಂದ ಮೈ ಬೆಚ್ಚಗಿದ್ದರೆ ಗಾಬರಿ ಬೇಡ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಬೇರೆಯೇ ಕಥೆ.

ನನಗೆ ಬಲು ಇಷ್ಟವಾದ ಸಂಗತಿ ಇಲ್ಲಿದೆ. ಎರಡು ಲೋಹಗಳು ಎಷ್ಟೇ ನುಣುಪಾಗಿದ್ದರೂ, ಒತ್ತಿ ಹಿಡಿದಾಗ ನಿಜಕ್ಕೂ ತಾಗುವುದು ಕೆಲವೇ ಸೂಕ್ಷ್ಮ ಉಬ್ಬುಗಳ ತುದಿಯಲ್ಲಿ. ಉಳಿದೆಡೆ ಸಂದು. ಇಪ್ಪತ್ತು ಆಂಪಿಯರ್ ಕರೆಂಟೂ ಈ ಚುಕ್ಕೆಗಳಲ್ಲೇ ನುಸುಳಬೇಕು! ವಿದ್ಯುತ್ ಸಂಪರ್ಕಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ರಾಗ್ನರ್ ಹೋಮ್ ಇದನ್ನು ಕೂಲಂಕಷವಾಗಿ ವಿವರಿಸಿದ್ದಾರೆ. ಒತ್ತಡ ಹೆಚ್ಚಿದಷ್ಟೂ ಚುಕ್ಕೆಗಳು ಹರಡಿಕೊಳ್ಳುತ್ತವೆ. ಸಾಕೆಟ್ಟಿನ ಹಿಡಿತ ಸಡಿಲವಾದರೆ ಕುಗ್ಗುತ್ತವೆ. ಆಗ ರೋಧ 0.05 ಓಮ್‌ಗೆ ಏರಿತು ಎನ್ನಿ. ಇಪ್ಪತ್ತು ಆಂಪಿಯರಿಗೆ ಅಲ್ಲಿ ಹುಟ್ಟುವ ಬಿಸಿ 20 ವ್ಯಾಟ್. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿಯನ್ನು ಫ್ಯೂಸ್ ಬಾಕ್ಸಿನೊಳಗೆ ಇಟ್ಟಂತೆ! ಕಾದ ಲೋಹ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಮೇಲ್ಮೈಗೆ ಆಕ್ಸೈಡ್ ಕಟ್ಟುತ್ತದೆ, ರೋಧ ಇನ್ನಷ್ಟು ಏರುತ್ತದೆ. ಹೊಸ ರಿಲೇ ಅದೇ ಸಾಕೆಟ್ಟಿನಲ್ಲಿ ಕೂತರೆ ಅದಕ್ಕೂ ಅದೇ ಗತಿ.

ಫ್ಯೂಸಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅದು ಕಾಯುವುದು ಕರೆಂಟನ್ನು. ಕೆಟ್ಟ ಸಂಪರ್ಕದಿಂದ ಕರೆಂಟು ಹೆಚ್ಚುವುದಿಲ್ಲ, ಕೊಂಚ ಇಳಿಯಲೂಬಹುದು. "ಫ್ಯೂಸ್ ನೆಟ್ಟಗಿದೆ, ಆದ್ದರಿಂದ ವೈರಿಂಗೂ ನೆಟ್ಟಗಿದೆ" ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಫ್ಯೂಸಿಗೆ ತಾಮ್ರದ ತಂತಿ ಸುತ್ತುವವರಂತೂ ಕಾರಿಗೆ ತಾವೇ ಬೆಂಕಿ ಇಡುತ್ತಿದ್ದಾರೆ.

ಮಲ್ಟಿಮೀಟರಿನಲ್ಲಿ ಓಮ್ ಅಳೆದು ಪ್ರಯೋಜನವಿಲ್ಲ. ಇಷ್ಟು ಸಣ್ಣ ರೋಧ ಅದರ ವೈರುಗಳ ರೋಧದಲ್ಲೇ ಮುಚ್ಚಿಹೋಗುತ್ತದೆ. ಫ್ಯಾನ್ ಓಡುತ್ತಿರುವಾಗ ವೋಲ್ಟ್ ನೋಡಿ. ರಿಲೇಯ 30 ಮತ್ತು 87 ಎಂಬ ಗುರುತಿನ ಕಾಲುಗಳಿಗೆ ಬರುವ ವೈರುಗಳ ನಡುವೆ 0.2 ವೋಲ್ಟ್ ದಾಟಿದರೆ ಅನುಮಾನಪಡಿ. ಆಮೇಲೆ ರಿಲೇಯ ಕಾಲುಗಳ ಮೇಲೆಯೇ ಅಳೆಯಿರಿ: ಅಲ್ಲಿ ಕಡಿಮೆ ತೋರಿಸಿದರೆ ತಪ್ಪು ಸಾಕೆಟ್ಟಿನದು. ಎರಡೂ ಚೆನ್ನಾಗಿದ್ದರೆ ಫ್ಯಾನಿನ ಮೋಟಾರೇ ಬಿಗಿದು ಹೆಚ್ಚು ಕರೆಂಟು ಎಳೆಯುತ್ತಿರಬಹುದು. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಸಾಕೆಟ್ಟಿನ ಟರ್ಮಿನಲ್ಲನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ತವರದ ಲೇಪ ಹೋಗುತ್ತದೆ. ಒಮ್ಮೆ ಕಾದು ಸೋತ ಲೋಹಕ್ಕೆ ಹಳೆಯ ಬಿಗಿ ಮರಳುವುದೂ ಇಲ್ಲ. ಟರ್ಮಿನಲ್ಲನ್ನೂ ಕಪ್ಪಾದ ವೈರಿನ ತುದಿಯನ್ನೂ ಬದಲಿಸಿ, ಆಮೇಲೆ ಹೊಸ ರಿಲೇ ಕೂರಿಸಿ.