ಬ್ರೌಸರಿನಲ್ಲಿ ಲೆಕ್ಕಪುಸ್ತಕ: ಕಾಯ್ದಿಡುವ ಹೊಣೆ ಯಾರದು?

ಬೆಂಗಳೂರಿನ ಟ್ಯಾಲಿ ಸಂಸ್ಥೆ 2020ರಲ್ಲಿ ಹೊರತಂದ ಟ್ಯಾಲಿಪ್ರೈಮ್ ತಂತ್ರಾಂಶದ ವರದಿಗಳನ್ನು ವರ್ತಕರು ಪರವೂರಿನಿಂದಲೂ ಬ್ರೌಸರಿನಲ್ಲಿ ನೋಡಬಹುದಾಗಿದೆ. ಆದರೆ ಲೆಕ್ಕವಿರುವುದು ಅಂಗಡಿಯ ಗಣಕಯಂತ್ರದಲ್ಲಿಯೇ. ಅದನ್ನು ಆರಿಸಿ ಬಾಗಿಲು ಹಾಕಿದರೆ ಬಾಕಿದಾರರ ಪಟ್ಟಿ ಕಾಣದು.

ಪೂರ್ಣವಾಗಿ ಅಂತರಜಾಲದಲ್ಲಿಯೇ ನಡೆಯುವ ತಂತ್ರಾಂಶಗಳಿಗೆ ಈ ತೊಡಕಿಲ್ಲ. ಅಲ್ಲಿ ತಿಜೋರಿಯೇ ಪರರ ಮನೆಯಲ್ಲಿರುತ್ತದೆ, ಅಷ್ಟೆ! ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕು. ತಂತ್ರಾಂಶದವರ ಸರ್ವರು ವಿದೇಶದಲ್ಲಿದ್ದರೂ ಈ ಹೊಣೆ ಕಂಪನಿಯದೇ ಹೊರತು ಮಾರಾಟಗಾರನದಲ್ಲ.

ಇನ್ನೊಂದು ಪ್ರಶ್ನೆಯನ್ನು ಬಹುಮಂದಿ ಕೇಳುವುದೇ ಇಲ್ಲ. ಕಂಪನಿ ಕಾಯಿದೆಯು ಲೆಕ್ಕಪುಸ್ತಕಗಳನ್ನು ಕನಿಷ್ಠ 8 ವರ್ಷ ಕಾಯ್ದಿಡಲು ವಿಧಿಸುತ್ತದೆ. ಮೂರನೆಯ ವರ್ಷದಲ್ಲಿ ಚಂದಾ ನಿಲ್ಲಿಸಿದರೆ ಹಿಂದಿನ ಲೆಕ್ಕವು ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ ಕೈಸೇರುವುದೆಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಲಿಖಿತವಾಗಿ ಪಡೆಯತಕ್ಕದ್ದು.