ನೀಲಿ ಹೂವು, ಕೆಂಪು ಬೇರು

ಮೊಮ್ಮಗಳು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಬೇರಿನಿಂದ ಬಣ್ಣ ತೆಗೆದು ತೋರಿಸಬೇಕಿತ್ತು. ಗ್ರಂಧಿಗೆ ಅಂಗಡಿಯಿಂದ ‘ರತನ್ ಜೋತ್’ ಬೇರು 50 ಗ್ರಾಂ ತಂದೆ. ಕಪ್ಪುಗೆಂಪು ಒಣ ಚಕ್ಕೆಗಳು. ರಾತ್ರಿಯಿಡೀ ನೀರಲ್ಲಿ ನೆನೆಹಾಕಿದರೂ ಬೆಳಿಗ್ಗೆ ಬರೀ ಕಂದು ನೀರು. “ಅಂಗಡಿಯವನು ಟೋಪಿ ಹಾಕಿದ” ಎಂದು ಗೊಣಗಿದೆ. ಬ್ಯಾಂಕಿನಲ್ಲಿ ಖೋಟಾ ನೋಟು ಹುಡುಕಿ ಹುಡುಕಿ ನನಗೆ ಅನುಮಾನವೇ ಮೊದಲು ಹುಟ್ಟುವುದು.

ತಪ್ಪು ನನ್ನದೇ. ಈ ಬಣ್ಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಒಲಿಯುತ್ತದೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಒಂದು ಚಕ್ಕೆ ಹಾಕಿದೆ. ನೋಡನೋಡುತ್ತ ಮಾಣಿಕ್ಯದಂಥ ಕೆಂಪು! ಕಾಶ್ಮೀರದ ರೋಗನ್ ಜೋಶ್ ಅಡುಗೆಗೆ ಕೆಂಪು ಬರಿಸಲು ಇದನ್ನು ಹೀಗೇ ಬಿಸಿ ಎಣ್ಣೆಗೆ ಹಾಕುತ್ತಾರೆ.

ಈ ಬಣ್ಣಕ್ಕೆ ಹೆಸರು ಕೊಟ್ಟ ಗಿಡ ಆಲ್ಕನೆಟ್. ಊರು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳು. ನೆಲಕ್ಕಂಟಿದ ಪುಟ್ಟ ಗಿಡ, ರೋಮದ ಎಲೆ, ಕಡುನೀಲಿ ಹೂವು. ಹೂ ನೋಡಿದರೆ ಕೆಳಗೆ ಕೆಂಪಿದೆ ಎಂದು ಯಾರೂ ಊಹಿಸರು. ಕೆಂಪಿರುವುದೂ ಬೇರಿನ ಸಿಪ್ಪೆಯಲ್ಲೇ. ಹೆಸರಿನ ಮೂಲ ಅರಬ್ಬಿ: ನಮ್ಮ ಗೋರಂಟಿಗೆ ಅವರು ಹೇಳುವ ‘ಹಿನ್ನಾ’ದಿಂದ ಬಂದದ್ದು. ಹಳೆಯ ಗ್ರೀಸಿನ ಹೆಂಗಸರು ಇದನ್ನು ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದರು. ಮುಲಾಮು, ಪೀಠೋಪಕರಣಗಳ ಪಾಲಿಷು, ಎಲ್ಲಕ್ಕೂ ಬಳಕೆಯಾಯಿತು. ಯೂರೋಪಿನ ಕೆಲವು ವ್ಯಾಪಾರಿಗಳಂತೂ ಕಳಪೆ ದ್ರಾಕ್ಷಾರಸಕ್ಕೆ ಇದರ ಬಣ್ಣ ಕಟ್ಟಿ, ಬಾಟಲಿಯ ಬಿರಡೆಗೂ ಬಳಿದು, ಹಳೆಯ ಪೋರ್ಟ್ ವೈನ್ ಎಂದು ಮಾರಿದರು. ನಮ್ಮ ಖೋಟಾ ಸಹಿಗಿಂತ ಇದು ಚೆಂದದ ಮೋಸ!

ಮಕ್ಕಳೇ, ಇನ್ನೊಂದು ಚಮತ್ಕಾರ. ಈ ಎಣ್ಣೆಗೆ ಬಟ್ಟೆ ಸೋಡಾ ಕರಗಿಸಿದ ನೀರು ಸೇರಿಸಿ ಕುಲುಕಿದರೆ ಕೆಂಪು ಹೋಗಿ ನೀಲಿ ಬರುತ್ತದೆ. ನಿಂಬೆರಸ ಹಿಂಡಿ, ಮತ್ತೆ ಕೆಂಪು. ಒಲೆಯ ಕೆಲಸ ಅಜ್ಜ ಅಜ್ಜಿಗೆ ಬಿಡಿ. ಬಾಯಿಗೆ ಹಾಕಬೇಡಿ.

ಪ್ರದರ್ಶನದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಮೊಮ್ಮಗಳು ಕೇಳಿದಳು: “ತಾತಾ, ಬೇರು ಕಿತ್ತರೆ ಗಿಡ ಸತ್ತುಹೋಗಲ್ವಾ?”

ಹೌದು ಮರಿ, ಸಾಯುತ್ತದೆ. ಬಿತ್ತಿ ಬೆಳೆದದ್ದಾದರೆ ರೈತ ಮತ್ತೆ ಬಿತ್ತಬಹುದು. ಆದರೆ ನಮ್ಮ ಅಂಗಡಿಗಳಲ್ಲಿ ರತನ್ ಜೋತ್ ಎಂದು ಸಿಗುವುದು ಹೆಚ್ಚಾಗಿ ಆಲ್ಕನೆಟ್ಟಿನ ದಾಯಾದಿಗಳ ಬೇರು. ಅವುಗಳಲ್ಲಿ ಹಿಮಾಲಯದ ಆರ್ನೀಬಿಯಾ ಗಿಡಗಳನ್ನು ಕಾಡಿನಿಂದ ಅಗೆದು ಅಗೆದು ಅಳಿವಿನ ಅಂಚಿಗೆ ತಂದಿದ್ದೇವೆ. ನನ್ನ 50 ಗ್ರಾಮಿಗೆ ಎಷ್ಟು ಗಿಡ ಹೋದವೋ ಎಂದು ಅವಳು ಬೆರಳು ಮಡಿಸಿದಳು. ಜೀವಮಾನವೆಲ್ಲ ಲೆಕ್ಕ ಬರೆದ ನನಗೆ ಆ ಲೆಕ್ಕ ಹೇಳಲು ಬರಲಿಲ್ಲ. ಮಿಕ್ಕ ಚಕ್ಕೆಗಳು ಇನ್ನೂ ಡಬ್ಬಿಯಲ್ಲಿವೆ, ಮತ್ತೆ ಕೊಂಡಿಲ್ಲ.